ಕಲೆಯ ಕುಲ, ಕಲ್ಲಿನ ಗೋತ್ರ

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಹಾಸನದ ಯಾವ ಬಡಾವಣೆಗೆ ಹೋದರೂ ಮನೆಗಳ ಮುಂದಿನ ನೆಲ ಹಬ್ಬದ ಲೆಕ್ಕ ಒಪ್ಪಿಸುತ್ತಿರುತ್ತದೆ. ಗೇಟಿನೊಳಗೆ ಕಾರು, ಅದರ ಮುಂದೆ ಒಡೆದ ಬೂದುಗುಂಬಳದ ಹೋಳು, ಸುತ್ತ ಕುಂಕುಮದ ರಾಡಿ, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು. ಹೋಳುಗಳನ್ನು ಬೀದಿಯ ಹಸು ಮುಗಿಸುತ್ತದೆ, ರಾಡಿಯನ್ನು ಪೊರಕೆ ಎಳೆದುಹಾಕುತ್ತದೆ. ಕೊನೆಗೆ ಎರಡು ಗುರುತು ಉಳಿಯುತ್ತವೆ. ಕುಂಕುಮ ಬಿದ್ದಲ್ಲಿ ಗುಲಾಬಿ ಛಾಯೆ, ನಿಂಬೆರಸ ಸಿಡಿದಲ್ಲಿ ಬಿಳಿಚಿಕೊಂಡ ಒರಟು ಮಚ್ಚೆ. ಮೊದಲನೆಯದು ನೆಲದೊಳಕ್ಕೆ ಏನೋ ಸೇರಿದ್ದರಿಂದ ಆದದ್ದು. ಎರಡನೆಯದು ನೆಲದಿಂದ ಏನೋ ಕಳೆದುಹೋಗಿದ್ದರಿಂದ ಆದದ್ದು. ಮನೆಯವರು ಮಾತ್ರ ಎರಡಕ್ಕೂ ಅಂಗಡಿಯಿಂದ ಒಂದೇ ಬಾಟಲಿ ತರುತ್ತಾರೆ: ಆಸಿಡ್.

ಆ ಬಾಟಲಿಯೊಳಗಿರುವುದು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ಅದನ್ನು ಸುರಿದ ಕೂಡಲೇ ನೆಲ ನೊರೆಯೇಳುತ್ತದೆ, ಕೊಳೆ ಕಿತ್ತು ಬಂದಂತೆ ಕಾಣುತ್ತದೆ. ಕಿತ್ತು ಬರುತ್ತಿರುವುದು ಕೊಳೆಯಲ್ಲ, ನೆಲ. ಇಂಟರ್‌ಲಾಕ್ ಇಟ್ಟಿಗೆ ಎಂದು ನಾವು ಕರೆಯುವುದು ಜಲ್ಲಿಪುಡಿ, ಮರಳು, ಸಿಮೆಂಟು ಸೇರಿಸಿ ಒತ್ತಿ ತೆಗೆದ ಕಾಂಕ್ರೀಟು. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಅರಳಿದ ಸುಣ್ಣವೇ, ಧಾರಾಳವಾಗಿ ಹುಟ್ಟುತ್ತದೆ. ಹೊಸ ಕಾಂಕ್ರೀಟಿನೊಳಗಿನ ನೀರಿನ ಪಿಎಚ್ 12 ದಾಟುವುದು ಇದರಿಂದಲೇ. ಆಮ್ಲ ಸಿಕ್ಕಿದಾಗ ಈ ಸುಣ್ಣ ಕರಗುವ ಲವಣವಾಗಿ ಹರಿದುಹೋಗುತ್ತದೆ, ಮೇಲ್ಪದರದ ಮರಳು ಬೋಳಾಗುತ್ತದೆ. ಅಂದು ಸಂಜೆ ಫಳಫಳ ಎನ್ನುವ ಆ ಜಾಗವೇ ಮುಂದಿನ ಮಳೆಗಾಲಕ್ಕೆ ಅಕ್ಕಪಕ್ಕಕ್ಕಿಂತ ಕಪ್ಪಾಗಿರುತ್ತದೆ. ಒರಟಾದ ಮೈ ದೂಳನ್ನೂ ಪಾಚಿಯನ್ನೂ ಬೇಗ ಹಿಡಿದುಕೊಳ್ಳುತ್ತದಲ್ಲ. ನಿಂಬೆಹಣ್ಣು ಮಾಡಿದ ಮಚ್ಚೆಯೂ ಇದೇ ಕೆಲಸದ ಸಣ್ಣ ನಮೂನೆ. ಅದನ್ನು ಆಸಿಡ್ಡಿನಿಂದ ತೆಗೆಯಹೊರಟರೆ ಮಚ್ಚೆ ಹೋಗುವುದಿಲ್ಲ, ಇಡೀ ನೆಲವೇ ಮಚ್ಚೆಯ ಬಣ್ಣಕ್ಕೆ ಬರುತ್ತದೆ.

ಕಡಪ ಕಲ್ಲು ಹಾಸಿದವರ ಪಾಡು ಇನ್ನೂ ಕಷ್ಟ. ಅದು ಸುಣ್ಣಶಿಲೆ. ನಿಮ್ಮ ಅಂಗಳದ ಕಲ್ಲು ಯಾವ ಗೋತ್ರದ್ದೆಂದು ತಿಳಿಯದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ತೊಟ್ಟು ಆಮ್ಲ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಸುಣ್ಣದ ಕುಲ, ಸುಮ್ಮನಿದ್ದರೆ ಬೆಣಚು ಕಲ್ಲಿನ ಕುಲ. ಹೊಸ ಮನೆಗಳ ಎಷ್ಟೋ ಜಗಳಗಳನ್ನು ಈ ಒಂದು ತೊಟ್ಟು ತಪ್ಪಿಸಬಲ್ಲದು.

ಹಾಗಾದರೆ ಗ್ರಾನೈಟಿಗೆ ಆಸಿಡ್ ಹಾಕಬಹುದೇ? ಹೊಳೆನರಸೀಪುರ, ಗೊರೂರು ಕಡೆಯ ಹಳೆ ಮನೆಗಳ ಮುಂದಿನ ಚಪ್ಪಡಿಗಳು ಬಹುಪಾಲು ಸ್ಥಳೀಯ ಬಂಡೆಯವು. ಭೂವಿಜ್ಞಾನಿಗಳಿಗೆ ಹಾಸನ-ಗೊರೂರು ಸೀಮೆಯ ಈ ಪಟ್ಟೆ ಪಟ್ಟೆಯ ನೈಸ್ ಶಿಲೆ ಎಂದರೆ ವಿಶೇಷ ಅಕ್ಕರೆ. ಅದರ ವಯಸ್ಸು ಸುಮಾರು 330 ಕೋಟಿ ವರ್ಷ, ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳ ಸಾಲಿನಲ್ಲಿ ಅದು ಬರುತ್ತದೆ. ಅಂಥ ಚಪ್ಪಡಿಯ ಮೇಲೆ ಕೂತು ಅವರೆಕಾಯಿ ಸುಲಿಯುವವರಿಗೆ ಆ ಲೆಕ್ಕ ಬೇಕಿಲ್ಲ, ಸರಿ. ಆದರೆ ಕಲೆ ತೆಗೆಯುವವರಿಗೆ ಅದರೊಳಗಿನ ಕಪ್ಪು ಪಟ್ಟೆಯ ವಿಚಾರ ಗೊತ್ತಿರಬೇಕು. ಬಿಳಿ ಭಾಗ ಬೆಣಚು ಮತ್ತು ಫೆಲ್ಡ್‌ಸ್ಪಾರ್, ಆಸಿಡ್ಡಿಗೆ ಅವು ಜಗ್ಗುವುದಿಲ್ಲ. ಕಪ್ಪು ಪಟ್ಟೆಯಲ್ಲಿ ಬಯೊಟೈಟ್ ಎಂಬ ಕಾಗೆಬಂಗಾರದ ಜಾತಿಯ ಖನಿಜವಿದೆ, ಅದರ ತುಂಬ ಕಬ್ಬಿಣ. ಆಮ್ಲ ಆ ಕಬ್ಬಿಣವನ್ನು ಬಿಡಿಸಿ ಹೊರಗೆಳೆಯುತ್ತದೆ. ತೊಳೆದ ದಿನ ಕಲ್ಲು ಬೆಳ್ಳಗಿರುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ಬಿಡುಗಡೆಯಾದ ಕಬ್ಬಿಣ ಗಾಳಿ ಸೇವಿಸಿ ತುಕ್ಕಾಗಿ ಚಪ್ಪಡಿಯ ಉದ್ದಕ್ಕೂ ಹಳದಿ ಮೋಡ ಕವಿಯುತ್ತದೆ. ಬೋರ್‌ವೆಲ್ ನೀರಿನ ಮೇಲೆ ತಪ್ಪು ಹೊರಿಸುವ ಮುನ್ನ ಆಸಿಡ್ ಬಾಟಲಿಯನ್ನು ನೆನಪು ಮಾಡಿಕೊಳ್ಳುವುದು ನ್ಯಾಯ.

ಬೋರ್‌ವೆಲ್ ನೀರೂ ನಿರಪರಾಧಿಯಲ್ಲ. ಆಳದಲ್ಲಿ ಗಾಳಿಯಿಲ್ಲದ ಕಡೆ ಕಬ್ಬಿಣ ನೀರಿನಲ್ಲಿ ಕಾಣದಂತೆ ಕರಗಿರುತ್ತದೆ. ಮೇಲೆ ಬಂದು ಗಾಳಿ ತಾಗಿದಾಗ ಅದು ಕೆಂಗಂದು ಕಣವಾಗಿ ಉದುರುತ್ತದೆ. ನಲ್ಲಿಯ ಕೆಳಗೆ, ಹೂಕುಂಡದ ಸ್ಟ್ಯಾಂಡಿನ ಕಾಲಡಿ, ಗೇಟಿನ ಚಕ್ರ ಓಡಾಡುವ ಕಮಾನಿನಲ್ಲಿ ಕೂರುವ ಕಂದು ಇದೇ. ಬಿಳಿ ಮಾಡುವುದೆಂದರೆ ಬ್ಲೀಚಿಂಗ್ ಎಂದು ನಂಬಿದವರು ಇದರ ಮೇಲೆ ಬ್ಲೀಚಿಂಗ್ ಪೌಡರ್ ಕಲಸಿ ಹಾಕುತ್ತಾರೆ. ಬ್ಲೀಚಿನ ಕಸುಬು ಉತ್ಕರ್ಷಣೆ, ತುಕ್ಕು ಹುಟ್ಟುವುದೂ ಉತ್ಕರ್ಷಣೆಯಿಂದಲೇ. ಆದ್ದರಿಂದ ಕಲೆ ಮಾಸುವ ಬದಲು ಇನ್ನಷ್ಟು ಕುದುರಿಕೊಳ್ಳುತ್ತದೆ.

ತುಕ್ಕಿಗೆ ಬೇಕಾದದ್ದು ಕಬ್ಬಿಣದ ಅಯಾನನ್ನು ಸುತ್ತುಗಟ್ಟಿ ಎತ್ತಿಕೊಂಡು ಹೋಗುವ ಅಣು. ಹುಣಿಸೆಹಣ್ಣಿನ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ, ಅಂಗಡಿಯಲ್ಲಿ ಬಿಳಿ ಹರಳಾಗಿ ಸಿಗುವ ಆಕ್ಸಾಲಿಕ್ ಆಮ್ಲ ಮೂರೂ ಈ ಕೆಲಸ ಬಲ್ಲವು. ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ವಿಲ್ಹೆಲ್ಮ್ ಷೀಲೆ ಇಲ್ಲಿ ನೆನಪಾಗಬೇಕು. ಟಾರ್ಟಾರಿಕ್ ಆಮ್ಲವನ್ನು ಮೊದಲು ಬೇರ್ಪಡಿಸಿದವನು ಅವನು, 1776ರಲ್ಲಿ ಸಕ್ಕರೆಯಿಂದ ಆಕ್ಸಾಲಿಕ್ ಆಮ್ಲ ತಯಾರಿಸಿದವನು ಅವನು, 1784ರಲ್ಲಿ ನಿಂಬೆರಸದಿಂದ ಸಿಟ್ರಿಕ್ ಹರಳು ತೆಗೆದವನೂ ಅವನೇ. ಬ್ಲೀಚಿಂಗ್ ಪೌಡರಿನ ಜೀವಾಳವಾದ ಕ್ಲೋರಿನ್ ಅನಿಲವನ್ನು 1774ರಲ್ಲಿ ಕಂಡವನೂ ಇದೇ ಮನುಷ್ಯ. ಕಲೆ ತೆಗೆಯುವ ಕಪಾಟಿನ ಅರ್ಧ ಭಾಗ ಒಬ್ಬನದು. ಸಿಕ್ಕಿದ್ದನ್ನೆಲ್ಲ ಮೂಸಿ, ನಾಲಗೆಗೆ ಮುಟ್ಟಿಸಿ ನೋಡುವ ಚಾಳಿ ಅವನಿಗಿತ್ತು, ತೀರಿಕೊಂಡಾಗ ವಯಸ್ಸು 43.

ಆಕ್ಸಾಲಿಕ್ ಆಮ್ಲ ಗ್ರಾನೈಟಿನ ತುಕ್ಕಿಗೆ ಒಳ್ಳೆಯದು, ಆದರೆ ವಿಷ. ಕೈಗವಸಿಲ್ಲದೆ ಮುಟ್ಟಬಾರದು. ಕಾಂಕ್ರೀಟಿನ ಮೇಲೆ ಹಾಕಿದರೆ ತುಕ್ಕು ಹೋಗುವ ಜೊತೆಗೆ ಸುಣ್ಣದೊಂದಿಗೆ ಕೂಡಿ ಕ್ಯಾಲ್ಸಿಯಂ ಆಕ್ಸಲೇಟಿನ ಬಿಳಿ ಪೊರೆ ಕಟ್ಟುತ್ತದೆ. ಕೆಸುವಿನ ಸೊಪ್ಪು ಸರಿಯಾಗಿ ಬೇಯದಿದ್ದಾಗ ಗಂಟಲು ಕೆರೆಯುವುದು ಇದೇ ವಸ್ತುವಿನ ಸೂಜಿಗಳಿಂದ. ಇಂಟರ್‌ಲಾಕಿಗೆ ತಕ್ಕ ಮದ್ದು ಬೇರೆಯಿದೆ, ಅದು ಹಾಸನ-ಮಂಡ್ಯದ ಆಲೆಮನೆಯವರಿಗೆ ಚೆನ್ನಾಗಿ ಗೊತ್ತು. ಬೆಲ್ಲಕ್ಕೆ ಹಳದಿ ಬಣ್ಣ ಬರಲೆಂದು ಕೊಪ್ಪರಿಗೆಗೆ ಎರಚುವ ‘ಹೈಡ್ರಾಸ್’, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬೆಲ್ಲಕ್ಕೆ ಬೇಡದ ಈ ಪುಡಿ ತುಕ್ಕಿಗೆ ಬೇಕು. ಅದು ತುಕ್ಕಿನ ಕಬ್ಬಿಣವನ್ನು ಮತ್ತೆ ಕರಗುವ ರೂಪಕ್ಕೆ ಇಳಿಸುತ್ತದೆ. ಮೊದಲು ಸೋಡಿಯಂ ಸಿಟ್ರೇಟಿನ ದ್ರಾವಣದಿಂದ ಕಲೆಯನ್ನು ನೆನೆಸಿ, ಮೇಲೆ ಈ ಪುಡಿ ಉದುರಿಸಿ, ನೆನೆದ ಜೇಡಿಯಿಂದ ಮುಚ್ಚಿದರೆ, ಬಿಡಿಸಿಕೊಂಡ ಕಬ್ಬಿಣವನ್ನು ಸಿಟ್ರೇಟು ಹಿಡಿದಿಡುತ್ತದೆ. ಆಮ್ಲದ ಪ್ರಸಂಗವೇ ಬಾರದ್ದರಿಂದ ಸಿಮೆಂಟಿಗೆ ಏಟಿಲ್ಲ. ಗಂಧಕದ ಘಾಟು ಇರುತ್ತದೆ, ಬಯಲಲ್ಲಿ ಮಾಡುವ ಕೆಲಸ.

ಚನ್ನರಾಯಪಟ್ಟಣದ ಕಡೆ ಕಲೆಯ ಸ್ವಭಾವ ಬದಲಾಗುತ್ತದೆ. ಅದು ತೆಂಗಿನ ಸೀಮೆ. ಎಳನೀರು ಕೊಚ್ಚಿದ ಜಾಗ, ಕಾಯಿ ಸುಲಿದು ಮಟ್ಟೆ ರಾಶಿ ಹಾಕಿದ ಜಾಗ ಮೊದಲು ಕಂದಾಗಿ ಆಮೇಲೆ ಮಸಿಯಂತೆ ಕಪ್ಪಾಗುತ್ತದೆ. ಮಟ್ಟೆಯ ರಸದಲ್ಲಿ ಟ್ಯಾನಿನ್ ಇದೆ. ಮಚ್ಚಿನಿಂದಲೋ ಸುಲಿಯುವ ಹಾರೆಯಿಂದಲೋ ಬಂದ ಕಬ್ಬಿಣದ ಅಂಶ ಅದಕ್ಕೆ ಕೂಡಿದರೆ ಹುಟ್ಟುವುದು ಅಕ್ಷರಶಃ ಶಾಯಿ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆ ಕಪ್ಪಾಗುವುದೂ ಹೀಗೆಯೇ. ಈ ಕಲೆಗೆ ಇಬ್ಬರು ತಂದೆತಾಯಿ ಇರುವುದರಿಂದ ಮದ್ದೂ ಎರಡು ಕಂತಿನದು. ಸೋಡಿಯಂ ಪರ್‌ಕಾರ್ಬೊನೇಟ್ ನೀರಿಗೆ ಬಿದ್ದಾಗ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಅದು ಟ್ಯಾನಿನ್ನನ್ನು ಒಡೆಯುತ್ತದೆ. ಹಿಂದೆ ಉಳಿಯುವ ಹಳದಿ ಕಬ್ಬಿಣದ್ದು, ಅದಕ್ಕೆ ಮೇಲೆ ಹೇಳಿದ ಚಿಕಿತ್ಸೆ. ಎಲೆಯಡಿಕೆ ಉಗಿದ ಕೆಂಪಿಗೂ ಮೊದಲ ಕಂತು ಸಾಕು. ಅಡಿಕೆಯ ಫೀನಾಲುಗಳು ಸುಣ್ಣದ ಕ್ಷಾರದಲ್ಲಿ ಕೆಂಪೇರಿ ಆದ ಬಣ್ಣ ಅದು. ಅದನ್ನು ಉಗಿಯುವ ಬಾಯಿಗೆ ಮಾತ್ರ ರಸಾಯನಶಾಸ್ತ್ರದಲ್ಲಿ ಮದ್ದಿಲ್ಲ.

ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕಲ್ಲು ಮತ್ತು ಕಲೆಯ ನಡುವಿನ ಅತಿ ದೊಡ್ಡ ಪ್ರಯೋಗವೊಂದು ಸಾವಿರ ವರ್ಷ ದಾಟಿ ನಡೆಯುತ್ತಿದೆ, ಹಾಗೆಂದು ಯಾರೂ ಯೋಜಿಸಿರಲಿಲ್ಲ ಅಷ್ಟೆ. ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಕಡೆಸಿದ ಗೊಮ್ಮಟ ಸುಮಾರು 58 ಅಡಿ ಎತ್ತರದ ಏಕಶಿಲೆ. ತಲೆಯ ಮೇಲೆ ಸೂರಿಲ್ಲ. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ, ಈಚೆಗೆ 2006 ಮತ್ತು 2018ರಲ್ಲಿ, ಮಹಾಮಸ್ತಕಾಭಿಷೇಕದಲ್ಲಿ ಆ ಕಲ್ಲಿನ ಮೇಲೆ ಎಳನೀರು, ಕಬ್ಬಿನ ಹಾಲು, ಹಸುವಿನ ಹಾಲು, ಅಕ್ಕಿಹಿಟ್ಟು, ಅರಿಶಿನ, ಕಷಾಯ, ಶ್ರೀಗಂಧ, ಕೇಸರಿ ಕೊಡಗಟ್ಟಲೆ ಸುರಿಯುತ್ತದೆ. ಬಟ್ಟೆಗೆ ತಾಗಿದರೆ ಜನ್ಮಕ್ಕೆ ಬಿಡದ ಅರಿಶಿನ ಗೊಮ್ಮಟನ ಮೈಯಲ್ಲಿ ನಿಲ್ಲುವುದಿಲ್ಲ.

ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲನೆಯದು ರಂಧ್ರ. ಒಳ್ಳೆಯ ಗ್ರಾನೈಟು ಹೀರುವ ನೀರು ತನ್ನ ತೂಕದ ಶೇಕಡಾ ಒಂದಕ್ಕೂ ಕಡಿಮೆ. ನೆಲಹಾಸು ಕಾಂಕ್ರೀಟ್ ಇಟ್ಟಿಗೆಗಳಿಗೆ ಭಾರತೀಯ ಮಾನಕ ಐಎಸ್ 15658 ಸರಾಸರಿ ಶೇಕಡಾ 6ರ ತನಕ ಅವಕಾಶ ಕೊಟ್ಟಿದೆ. ಮಾನಕದ ಹಂಗಿಲ್ಲದೆ ಊರಾಚೆ ಶೆಡ್ಡಿನಲ್ಲಿ ಒತ್ತಿದ ಇಟ್ಟಿಗೆ ಎಷ್ಟು ಹೀರುತ್ತದೋ, ಕೊಂಡವರ ಅದೃಷ್ಟ. ಎರಡನೆಯದು ಬಿಸಿಲು. ಅರಿಶಿನದ ಕರ್ಕ್ಯುಮಿನ್ ಅಣು ಬೆಳಕನ್ನು ತಾಳದು, ಬಿಸಿಲಿಗೆ ಒಡೆದು ಬಣ್ಣಗೆಡುತ್ತದೆ. ಮೂರನೆಯದು ಕ್ಷಾರ. ಗ್ರಾನೈಟಿನಲ್ಲಿ ಸುಣ್ಣವಿಲ್ಲ. ಸಿಮೆಂಟಿನ ನೆಲಕ್ಕೆ ಬಿದ್ದ ಅರಿಶಿನವಾದರೋ ಅಲ್ಲಿನ ಕ್ಷಾರಕ್ಕೆ ಕೆಂಪಾಗುತ್ತದೆ. ಮದುವಣಗಿತ್ತಿಯನ್ನು ಮನೆ ತುಂಬಿಸಿಕೊಳ್ಳುವಾಗ ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುತ್ತಾರಲ್ಲ, ಅದೇ ಬದಲಾವಣೆ. ಆ ಓಕುಳಿಯನ್ನು ಬಾಗಿಲ ಮುಂದೆ ಚೆಲ್ಲಿದ ಮೇಲೆ ಸೋಪು ಹಾಕಿ ತಿಕ್ಕುವುದು ದಡ್ಡತನ. ಸೋಪೂ ಕ್ಷಾರ, ಕೆಂಪು ಇನ್ನೂ ಮೆರೆಯುತ್ತದೆ. ನೀರು ಹಾಕಿ ಗುಡಿಸಿ ಬಿಸಿಲಿಗೆ ಬಿಟ್ಟರೆ ದಿನ ಕಳೆದಂತೆ ತಾನೇ ಮಾಸುತ್ತದೆ. ಇಂದಿನ ಅಗ್ಗದ ಕುಂಕುಮದ ಮಾತು ಬೇರೆ. ಅದರಲ್ಲಿ ಬೆರೆಸುವ ಕೃತಕ ಬಣ್ಣಗಳು ಬಿಸಿಲಿಗೆ ಅಷ್ಟು ಸುಲಭಕ್ಕೆ ಸೋಲುವುದಿಲ್ಲ, ಪೆರಾಕ್ಸೈಡಿನ ಸಹಾಯ ಬೇಕಾಗುತ್ತದೆ.

ಗೊಮ್ಮಟನಿಗೆ ನಿಜವಾದ ತೊಂದರೆ ಅಭಿಷೇಕದ್ದಲ್ಲ, ಎರಡು ಅಭಿಷೇಕಗಳ ನಡುವಿನ ಮಳೆ-ಬಿಸಿಲಿನದು. ವಿಂಧ್ಯಗಿರಿಯ ಬಂಡೆಯ ಮೇಲೆ ನೀರು ಇಳಿಯುವ ದಾರಿಯಲ್ಲೆಲ್ಲ ಕಪ್ಪು ಪಟ್ಟೆಗಳು ಕಾಣುತ್ತವೆ. ಕಲ್ಲು ಸುಟ್ಟ ಗುರುತಲ್ಲ ಅದು, ಹೊಗೆಯ ಮಸಿಯೂ ಅಲ್ಲ. ಬರಿಯ ಬಂಡೆಯ ಮೇಲೆ ಬಾಳುವ ಸಯನೊಬ್ಯಾಕ್ಟೀರಿಯಾಗಳ ಪದರ. ಬೇಸಿಗೆಯಲ್ಲಿ ಒಣಗಿ ಪುಡಿಯಂತಾಗಿದ್ದು ಮೊದಲ ಮಳೆಗೆ ಜೀವ ತಳೆಯುತ್ತವೆ. ಅವುಗಳ ಕವಚದಲ್ಲಿ ಸೈಟೊನೆಮಿನ್ ಎಂಬ ಕಂದು ವರ್ಣವಿದೆ, ಅತಿನೇರಳೆ ಕಿರಣದಿಂದ ಕಾಯುವ ಕೊಡೆ ಅದು. ಪ್ರಾಚೀನ ಸ್ಮಾರಕಗಳ ಮೇಲಿನ ಇಂಥ ಪದರ ತೆಗೆಯಲು 1917ರಷ್ಟು ಹಿಂದೆಯೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ರಸಾಯನತಜ್ಞರ ಶಾಖೆಯನ್ನು ತೆರೆಯಿತು. ಅವರ ಸಾಮಾನ್ಯ ಕ್ರಮ ತೀರ ಸಪ್ಪೆ ಎನಿಸಬಹುದು. ತೆಳ್ಳಗಿನ ಅಮೋನಿಯಾ ದ್ರಾವಣ, ಲವಣ ಬಿಡದ ಮಾರ್ಜಕ, ಮೆತ್ತನೆಯ ಬ್ರಷ್, ಧಾರಾಳ ನೀರು. ಆಸಿಡ್ಡಿನ ಸುಳಿವಿಲ್ಲ. ಅಷ್ಟಾದರೂ ತಕರಾರು ತಪ್ಪಿದ್ದಲ್ಲ. 1986ರಿಂದ 1993ರವರೆಗೆ ಇದೇ ಇಲಾಖೆ ಕಾಂಬೋಡಿಯಾದ ಅಂಕೋರ್‌ವಾಟ್ ದೇಗುಲವನ್ನು ತೊಳೆದಾಗ, ಮರಳುಗಲ್ಲಿಗೆ ಆ ತಿಕ್ಕಾಟ ಹೆಚ್ಚಾಯಿತೆಂದು ಜಗತ್ತಿನ ತಜ್ಞರು ತಿರುಗಿಬಿದ್ದರು.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇರುವ ನುಗ್ಗೇಹಳ್ಳಿಗೆ ಹೋದರೆ ಪಾಠ ತಲೆಕೆಳಗಾಗುತ್ತದೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಬಳಪದ ಕಲ್ಲಿನದು. ಹೊಯ್ಸಳ ಶಿಲ್ಪಿ ಅದರಲ್ಲಿ ಬಳ್ಳಿಯ ಎಳೆ, ಒಡವೆಯ ಮಣಿ ಬಿಡಿಸಲು ಸಾಧ್ಯವಾದದ್ದು ಕಲ್ಲು ಮೆತ್ತಗಿದ್ದದ್ದರಿಂದ. ಖನಿಜಗಳ ಗಡಸುತನದ ಅಳತೆಯಲ್ಲಿ ಬಳಪದ ಖನಿಜ ಟಾಲ್ಕಿಗೆ 1, ಗ್ರಾನೈಟಿನ ಬೆಣಚಿಗೆ 7. ತಂತಿ ಬ್ರಷ್ಷಿನ ಉಕ್ಕು ಬೆಣಚನ್ನು ಗೀರಲಾರದು, ಬಳಪದ ಕಲ್ಲನ್ನು ಉಳುತ್ತದೆ. ಗ್ರಾನೈಟಿನ ಮೇಲೂ ಅದು ಬೇಡ, ಯಾಕೆಂದರೆ ಮುರಿದುಬಿದ್ದ ಉಕ್ಕಿನ ನೂಲುಗಳು ಕಲ್ಲಿನ ಸಂದಿಯಲ್ಲಿ ಕೂತು ಹೊಸ ತುಕ್ಕಿನ ಚುಕ್ಕಿ ಬರೆಯುತ್ತವೆ.

ಅರಕಲಗೂಡಿನ ಪಶ್ಚಿಮಕ್ಕೆ ಮಲೆನಾಡು ಸಮೀಪ, ಮಳೆ ಹೆಚ್ಚು. ಅಲ್ಲಿ ಜುಲೈ ತಿಂಗಳ ಅಂಗಳ ಹಸಿರು, ಮನೆಯ ಹಿರಿಯರ ಸೊಂಟಕ್ಕೆ ಅಪಾಯ. ಹಾವಸೆ ಕಟ್ಟಿದ ನೆಲಕ್ಕೆ ಬ್ಲೀಚಿಂಗ್ ಪೌಡರ್ ನಿಜಕ್ಕೂ ತಕ್ಕ ಮದ್ದು. ಪುಡಿಯನ್ನೇ ಎರಚದೆ, ಬಕೆಟ್ಟಿನಲ್ಲಿ ಕದಡಿ ತಿಳಿ ಮಾತ್ರ ಸುರಿದು, ಕಾಲು ಗಂಟೆ ಬಿಟ್ಟು ಗಟ್ಟಿ ಪೊರಕೆಯಲ್ಲಿ ಉಜ್ಜಿದರೆ ಪದರ ಏಳುತ್ತದೆ. ಆತುರದವರು ಇದರ ಮೇಲೆಯೇ ಆಸಿಡ್ಡನ್ನೂ ಸುರಿಯುವುದುಂಟು. ಹಾಗೆ ಮಾಡಿದ ಕ್ಷಣ ಷೀಲೆ ಕಂಡ ಕ್ಲೋರಿನ್ ಹೊರಬರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಕಂದಕದಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಸುತ್ತ ಕಾಂಪೌಂಡ್ ಗೋಡೆಯಿರುವ ಕಿರಿದಾದ ಜಾಗದಲ್ಲಿ ಗಾಳಿಗಿಂತ ಭಾರವಾದ ಆ ಹಸಿರು ಹೊಗೆ ಬಗ್ಗಿ ತಿಕ್ಕುವವರ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಎರಡನ್ನೂ ಒಂದೇ ದಿನ ಕೈಗೆತ್ತಿಕೊಳ್ಳದಿರುವುದು ಲೇಸು. ನೀರು ಹೊಡೆಯುವ ಗನ್ನಿನಿಂದ ಹಾವಸೆ ಇನ್ನೂ ಬೇಗ ಹೋಗುತ್ತದೆ, ಆದರೆ ಇಂಟರ್‌ಲಾಕಿನ ಸಂದಿಗೆ ತುಂಬಿದ ಮರಳನ್ನೂ ಅದು ಹೊರಡಿಸುತ್ತದೆ. ಇಟ್ಟಿಗೆಗಳನ್ನು ಅಲುಗದಂತೆ ಬಿಗಿಹಿಡಿದಿರುವುದು ಆ ಮರಳೇ. ತೊಳೆದ ಮೇಲೆ ಒಣಮರಳು ಗುಡಿಸಿ ತುಂಬಬೇಕು.

ಬಿಳಿ ಪುಡಿಯಂತೆ ಹೊಸ ಇಂಟರ್‌ಲಾಕಿನ ಮೇಲೆ ಏಳುವ ಉಪ್ಪಿಗೆ ಮದ್ದೇ ಬೇಡ. ಒಳಗಿನ ಸುಣ್ಣ ನೀರಿನೊಡನೆ ಮೇಲೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಬೆರೆತು ಹಾಗೆ ಕಾಣುತ್ತದೆ. ಒಣ ಪೊರಕೆ, ಒಂದೆರಡು ಮಳೆಗಾಲದ ತಾಳ್ಮೆ ಸಾಕು.

ಇನ್ನು ಎಣ್ಣೆ. ಹಾಸನ ಪಟ್ಟಣದ ಅಂಗಳಗಳ ಮುಖ್ಯ ಕಲೆ ಇದು, ಇಲ್ಲಿಯೂ ಕುಲ ಎರಡು. ದೀಪದ ಎಣ್ಣೆ, ಕೊಬ್ಬರಿ ಎಣ್ಣೆ, ಹರಳೆಣ್ಣೆ ಸಸ್ಯಮೂಲದವು. ಕ್ಷಾರದೊಡನೆ ಅವು ಸಾಬೂನಾಗುತ್ತವೆ. ಒಲೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುವುದರಿಂದ ಅಜ್ಜಿಯರ ಬೂದಿ ಅಲ್ಲಿ ಗೆಲ್ಲುತ್ತಿತ್ತು. ಅಗಸರ ಸೌಳು ಮಣ್ಣಿನ ಗುಟ್ಟೂ ಇಂಥದೇ ಕ್ಷಾರ. ಎಂಜಿನ್ ಆಯಿಲ್ ಪೆಟ್ರೋಲಿಯಂ ಕುಲದ್ದು, ಎಷ್ಟು ಬೂದಿ ತಿಕ್ಕಿದರೂ ಅದು ಸಾಬೂನಾಗದು. ಆಗಷ್ಟೇ ಚೆಲ್ಲಿದ ಆಯಿಲ್ಲಿಗೆ ನೀರು ತಾಗಿಸಬಾರದು. ಮರದ ಹೊಟ್ಟು ಇಲ್ಲವೇ ಒಣಮಣ್ಣು ಸುರಿದು ಹೀರಲು ಬಿಟ್ಟು ಎತ್ತಬೇಕು, ಉಳಿದದ್ದಕ್ಕೆ ಪಾತ್ರೆ ತೊಳೆಯುವ ದ್ರವ. ತಿಂಗಳುಗಟ್ಟಲೆ ಇಳಿದುಹೋದ ಆಯಿಲ್ಲನ್ನು ಮೇಲಿಂದ ಉಜ್ಜಿ ಪ್ರಯೋಜನವಿಲ್ಲ, ಕೆಳಗಿಂದ ಮೇಲಕ್ಕೆ ಸೆಳೆಯಬೇಕು. ಕೊಳವೆ ಕಿರಿದಾದಷ್ಟೂ ದ್ರವ ಎತ್ತರಕ್ಕೆ ಏರುತ್ತದೆ ಎಂದು ಜೇಮ್ಸ್ ಜುರಿನ್ ಹದಿನೆಂಟನೆಯ ಶತಮಾನದಲ್ಲಿ ತೋರಿಸಿದ. ಮುಲ್ತಾನಿ ಮಿಟ್ಟಿಯ ರಂಧ್ರಗಳು ಕಾಂಕ್ರೀಟಿನವಕ್ಕಿಂತ ಸಣ್ಣವು. ಟರ್ಪೆಂಟೈನಿನಲ್ಲಿ ಕಲಸಿದ ಆ ಮಣ್ಣನ್ನು ಬೆರಳು ದಪ್ಪಕ್ಕೆ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಒಂದು ದಿನ ಬಿಟ್ಟು, ಆಮೇಲೆ ಹೊದಿಕೆ ತೆಗೆದು ಒಣಗಿಸಿದರೆ, ಕರಗಿದ ಎಣ್ಣೆ ದ್ರಾವಕದ ಜೊತೆ ಮಣ್ಣಿಗೆ ಏರುತ್ತದೆ. ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ, ಎರಡು ಮೂರು ಬಾರಿ ಮೆತ್ತಬೇಕು. ಬೀಡಿ ಹಚ್ಚುವವರನ್ನು ಹತ್ತಿರ ಬಿಡಬಾರದು. ಸ್ಮಾರಕದ ಗೋಡೆಗಳಿಂದ ಉಪ್ಪು ಎಳೆಯಲು ಪುರಾತತ್ವ ಇಲಾಖೆಯವರು ಕಾಗದದ ಮುದ್ದೆಯನ್ನು ನೀರಿನಲ್ಲಿ ನೆನೆಸಿ ಮೆತ್ತುವುದು ಇದೇ ತತ್ವದಿಂದ.

ಟಯರ್ ನಿಂತ ಜಾಗದ ಕಂದು ಪಟ್ಟೆಗೆ ಈ ಮುದ್ದೆಯೂ ಅರೆಬರೆ. ರಬ್ಬರು ಬಿರುಕು ಬಿಡದಿರಲೆಂದು ಟಯರಿಗೆ ಸೇರಿಸುವ 6ಪಿಪಿಡಿ ಮುಂತಾದ ರಾಸಾಯನಿಕಗಳು ಮೆಲ್ಲಗೆ ನೆಲಕ್ಕೆ ಇಳಿದು, ಬೆಳಕಿಗೆ ಬಣ್ಣ ತಾಳಿ, ಸಿಮೆಂಟಿನೊಳಗೆ ತಂಗುತ್ತವೆ. ಈ 6ಪಿಪಿಡಿ ಓಜೋನಿನೊಡನೆ ಸೇರಿ ಆಗುವ ವಸ್ತು ಮಳೆನೀರಿನಲ್ಲಿ ಹರಿದು ಅಮೆರಿಕದ ಪಶ್ಚಿಮ ಕರಾವಳಿಯ ಕೊಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಎಂದು 2020ರಲ್ಲಿ ಗೊತ್ತಾಯಿತು. ಇಂಥ ಕಡೆ ರಸಾಯನಶಾಸ್ತ್ರಕ್ಕಿಂತ ಗಾರೆ ಮೇಸ್ತ್ರಿಯ ಉಪಾಯ ಮೇಲು. ಇಂಟರ್‌ಲಾಕ್ ಇಟ್ಟಿಗೆಗಳಿಗೆ ನಡುವೆ ಸಿಮೆಂಟಿನ ಬೆಸುಗೆ ಇಲ್ಲ. ಸಂದಿಗೆ ಎರಡು ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕಲೆಯಾದ ಇಟ್ಟಿಗೆ ಮೇಲೆ ಬರುತ್ತದೆ. ಅದನ್ನು ತುಳಸಿಕಟ್ಟೆಯ ಹಿಂದಕ್ಕೋ ಹೂಕುಂಡದಡಿಗೋ ಕಳಿಸಿ, ಅಲ್ಲಿ ಅಷ್ಟೇ ಬಿಸಿಲು-ಮಳೆ ಕಂಡು ಅಷ್ಟೇ ಮಾಸಿದ ಇಟ್ಟಿಗೆಯನ್ನು ಇಲ್ಲಿಗೆ ತಂದು ಕೂರಿಸಬಹುದು. ಅಂಗಡಿಯಿಂದ ಹೊಸದನ್ನು ತಂದು ಹಾಕಿದರೆ ಮಾತ್ರ ಅದೇ ಎದ್ದು ಕಾಣುತ್ತದೆ.